ಸಂಜೆ ನಾಲ್ಕೂವರೆಯ ಹಸಿವು

ಮಧ್ಯಾಹ್ನ ಒಂದು ಗಂಟೆಗೆ ಉಂಡ ಮಗು ಸಂಜೆ ನಾಲ್ಕೂವರೆಗೆ ಶಾಲೆಯಿಂದ ಮರಳುವಾಗ ಮತ್ತೆ ಹಸಿದಿರುತ್ತದೆ. ಬ್ಯಾಗು ಕೆಳಗಿಡುವ ಮೊದಲೇ "ಅಮ್ಮಾ, ತಿನ್ನೋಕೆ ಏನಿದೆ?" ಎಂದು ಕೇಳುವ ಈ ಹಸಿವನ್ನು ದೊಡ್ಡವರು ಎಷ್ಟೋ ಸಲ ಬಾಯಿಚಪಲವೆಂದು ತಿಳಿಯುತ್ತಾರೆ. ಮಗುವಿನ ದೇಹದ ಲೆಕ್ಕ ಬೇರೆಯೇ ಇದೆ. ಅದರ ಹೊಟ್ಟೆ ಚಿಕ್ಕದು, ಒಂದೇ ಸಲಕ್ಕೆ ಹೆಚ್ಚು ಹಿಡಿಸುವುದಿಲ್ಲ. ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ಆಗಿ ಕೂಡಿಟ್ಟ ಸಕ್ಕರೆಯ ದಾಸ್ತಾನೂ ಚಿಕ್ಕದು. ಖರ್ಚು ಮಾತ್ರ ದೊಡ್ಡದು. ಮಗು ಓಡುತ್ತದೆ, ಬೆಳೆಯುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಅದರ ಮಿದುಳು ಬಿಡುವಿಲ್ಲದೆ ಗ್ಲೂಕೋಸ್ ಬಳಸುತ್ತದೆ. ಐದು ವರ್ಷದ ಆಸುಪಾಸಿನ ಮಗುವಿನಲ್ಲಿ ಇಡೀ ದೇಹದ ಶಕ್ತಿಯ ಖರ್ಚಿನಲ್ಲಿ ಶೇ. 40ಕ್ಕೂ ಹೆಚ್ಚು ಪಾಲು ಮಿದುಳಿನದೇ ಎಂದು 2014ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಕುಜಾವಾ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಹೀಗಾಗಿ ಮೂರು ಹೊತ್ತಿನ ಊಟದ ನಡುವಿನ ತಿಂಡಿ ಮಗುವಿನ ಪಾಲಿಗೆ ನಾಲ್ಕನೆಯ ಚಿಕ್ಕ ಊಟ. ಊಟಕ್ಕೆ ಕೊಡುವ ಗಮನವನ್ನು ಅದಕ್ಕೂ ಕೊಡಬೇಕಾಗುತ್ತದೆ.

ಹಸಿವನ್ನು ಮಿದುಳಿಗೆ ತಿಳಿಸುವ ಮುಖ್ಯ ಹಾರ್ಮೋನು ಗ್ರೆಲಿನ್. ಜಪಾನಿನ ಮಸಾಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಇದನ್ನು 1999ರಲ್ಲಿ ಗುರುತಿಸಿದರು. ಖಾಲಿ ಹೊಟ್ಟೆಯ ಗೋಡೆಯಿಂದ ಸ್ರವಿಸುವ ಇದು ಊಟಕ್ಕೆ ಮುಂಚೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ರೂಢಿಯಾದ ಹೊತ್ತನ್ನು ಇದು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ದಿನವೂ ಒಂದೇ ಹೊತ್ತಿಗೆ ತಿಂಡಿ ಸಿಗುವ ಮನೆಯಲ್ಲಿ ಹಸಿವೂ ಆ ಹೊತ್ತಿಗೇ ಬರುತ್ತದೆ. ಹೊತ್ತುಗೊತ್ತಿಲ್ಲದೆ ಡಬ್ಬಿಗೆ ಕೈ ಹಾಕುವ ಮನೆಯಲ್ಲಿ ರಾತ್ರಿ ಊಟಕ್ಕೆ ಕುಳಿತಾಗ ಹಸಿವೇ ಇರುವುದಿಲ್ಲ.

ಎಷ್ಟು ಕೊಡಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,360 ಕಿಲೊ ಕ್ಯಾಲೊರಿ ಮತ್ತು 16 ಗ್ರಾಂ ಪ್ರೋಟೀನ್ ಬೇಕು. 7ರಿಂದ 9 ವರ್ಷದವರಿಗೆ 1,700 ಕಿಲೊ ಕ್ಯಾಲೊರಿ ಮತ್ತು 23 ಗ್ರಾಂ ಪ್ರೋಟೀನ್. ಇದರ ಎಂಟನೇ ಒಂದು ಪಾಲನ್ನು ಸಂಜೆಯ ತಿಂಡಿಗೆಂದು ತೆಗೆದಿಟ್ಟರೂ ಶಾಲೆಗೆ ಹೋಗುವ ಮಗುವಿಗೆ ಇನ್ನೂರು ಕ್ಯಾಲೊರಿಯ ಆಸುಪಾಸು, ಎರಡು ಮೂರು ಗ್ರಾಂ ಪ್ರೋಟೀನ್ ಬರಬೇಕು. ಇನ್ನೂರು ಕ್ಯಾಲೊರಿ ಹೊಂದಿಸುವುದು ಕಷ್ಟವಲ್ಲ, ಹತ್ತು ಬಿಸ್ಕತ್ತಿನಲ್ಲಿ ಅಷ್ಟು ಬಂದುಬಿಡುತ್ತದೆ. ಆ ಇನ್ನೂರು ಕ್ಯಾಲೊರಿ ರಾತ್ರಿ ಊಟದವರೆಗೆ ಹೊಟ್ಟೆಯಲ್ಲಿ ನಿಲ್ಲುವಂತೆ ಮಾಡುವುದೇ ಕಷ್ಟ.

ಒಂದೇ ಶಕ್ತಿಯ ಎರಡು ತಿನಿಸು ಒಂದೇ ಸಮನಾಗಿ ಹೊಟ್ಟೆ ತುಂಬಿಸುವುದಿಲ್ಲ ಎಂಬುದನ್ನು ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು 1995ರಲ್ಲಿ ಅಳೆದು ತೋರಿಸಿದರು. 38 ಬಗೆಯ ತಿನಿಸುಗಳನ್ನು, ಪ್ರತಿಯೊಂದೂ 240 ಕಿಲೊ ಕ್ಯಾಲೊರಿ ಆಗುವಷ್ಟು ತೂಗಿ ಕೊಟ್ಟು, ಮುಂದಿನ ಎರಡು ಗಂಟೆ ಕಾಲು ಗಂಟೆಗೊಮ್ಮೆ ಹಸಿವೆಷ್ಟೆಂದು ಕೇಳಿ ಬರೆದುಕೊಂಡರು. ಬಿಳಿ ಬ್ರೆಡ್ಡಿಗೆ 100 ಅಂಕವೆಂದು ಇಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು. ಕಿತ್ತಳೆ, ಸೇಬುಗಳಿಗೆ 200ರ ಆಸುಪಾಸು, ಮೊಟ್ಟೆಗೆ 150. ಕೇಕಿಗೆ 65, ಬೆಣ್ಣೆ ತುಂಬಿದ ಕ್ರೊಸಾಂಟಿಗೆ ಬರೀ 47. ಅದೇ ಆಲೂಗಡ್ಡೆ ಚಿಪ್ಸ್ ಆದಾಗ ಬಿಳಿ ಬ್ರೆಡ್ಡಿಗಿಂತಲೂ ಕೆಳಗಿಳಿಯಿತು. ಪ್ರಯೋಗಕ್ಕೆ ಒಳಗಾದವರು ದೊಡ್ಡವರು, ಒಂದೊಂದು ತಿನಿಸಿಗೆ ಹನ್ನೊಂದರಿಂದ ಹದಿಮೂರು ಮಂದಿ ಮಾತ್ರ. ಆದ್ದರಿಂದ ಅಂಕಗಳನ್ನು ಅಕ್ಷರಶಃ ಹಿಡಿಯುವಂತಿಲ್ಲ. ಅವು ತೋರಿದ ದಿಕ್ಕು ಮಾತ್ರ ಸ್ಪಷ್ಟವಾಗಿದೆ. ನೀರು, ನಾರು, ಪ್ರೋಟೀನ್ ಹೆಚ್ಚಿದ್ದು ತಟ್ಟೆಯಲ್ಲಿ ಭಾರವಾಗಿ ಕಾಣುವ ತಿನಿಸು ಹೊಟ್ಟೆ ತುಂಬಿಸಿತು. ಕೊಬ್ಬು ಹೆಚ್ಚಿದ್ದು ಒಣಗಿದ, ಗರಿಗರಿಯಾದ, ಬಾಯಲ್ಲಿ ಕರಗುವ ತಿನಿಸು ತುಂಬಿಸಲಿಲ್ಲ.

ಅಗಿಯುವುದಕ್ಕೂ ಇದರಲ್ಲಿ ಪಾಲಿದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕೆನೆತ್ ಹೀಟನ್ ಅವರ ತಂಡ 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹತ್ತು ಮಂದಿಗೆ ಸೇಬನ್ನು ಮೂರು ರೂಪದಲ್ಲಿ ಕೊಡಲಾಯಿತು. ಇಡೀ ಹಣ್ಣಾಗಿ, ಅರೆದ ಮುದ್ದೆಯಾಗಿ, ನಾರು ಸೋಸಿದ ರಸವಾಗಿ. ಮೂರರಲ್ಲೂ ಸಕ್ಕರೆ ಅಷ್ಟೇ. ಇಡೀ ಹಣ್ಣು ತಿನ್ನುವುದಕ್ಕಿಂತ ಹನ್ನೊಂದು ಪಟ್ಟು ಬೇಗ ರಸ ಕುಡಿದು ಮುಗಿಯಿತು, ಹೊಟ್ಟೆ ತುಂಬಿದ ಭಾವ ಮಾತ್ರ ಎಲ್ಲಕ್ಕಿಂತ ಕಡಿಮೆಯಾಯಿತು. ಜ್ಯೂಸ್ ಆರೋಗ್ಯಕ್ಕೆ ಒಳ್ಳೆಯದೆಂದು ಡಬ್ಬಿ ಒಡೆದು ಕೊಡುವ ಮನೆಗಳಲ್ಲಿ ಮಗು ಅರ್ಧ ಗಂಟೆಯಲ್ಲಿ ಮತ್ತೆ ಅಡುಗೆಮನೆಗೆ ಬರುವುದೇಕೆಂದು ಇದರಿಂದ ತಿಳಿಯುತ್ತದೆ. ಹೊಟ್ಟೆ ಹಿಗ್ಗಿದ ಸುದ್ದಿಯನ್ನು ವೇಗಸ್ ನರ ಮಿದುಳಿಗೆ ಮುಟ್ಟಿಸುತ್ತದೆ. ಸಣ್ಣ ಕರುಳಿಗೆ ಪ್ರೋಟೀನ್, ಕೊಬ್ಬು ತಲುಪಿದಾಗ ಕೊಲೆಸಿಸ್ಟೊಕೈನಿನ್‌ನಂಥ ಹಾರ್ಮೋನುಗಳು ಹೊರಟು ಹೊಟ್ಟೆ ಖಾಲಿಯಾಗುವ ವೇಗವನ್ನು ತಗ್ಗಿಸುತ್ತವೆ. ಇದಕ್ಕೆಲ್ಲ ಹದಿನೈದು ಇಪ್ಪತ್ತು ನಿಮಿಷವಾದರೂ ಹಿಡಿಯುತ್ತದೆ. ಎರಡು ನಿಮಿಷದಲ್ಲಿ ಮುಗಿಯುವ ತಿನಿಸು ಆ ಸುದ್ದಿಗೆ ಕಾಯುವುದಿಲ್ಲ.

ಈ ಕಣ್ಣಿನಿಂದ ನೋಡಿದರೆ ಕನ್ನಡದ ಅಡುಗೆಮನೆಯಲ್ಲಿ ಮೊದಲು ಕಾಣುವುದು ಕಾಳು. ಉಸಲಿ, ಗುಗ್ಗರಿ ಎಂದು ಬೇರೆ ಬೇರೆ ಸೀಮೆಯಲ್ಲಿ ಬೇರೆ ಹೆಸರಿದ್ದರೂ ಕೆಲಸ ಒಂದೇ: ನೆನೆಸಿ, ಬೇಯಿಸಿ, ಒಗ್ಗರಣೆ ಹಾಕುವುದು. ಮೂವತ್ತು ಗ್ರಾಂ, ಅಂದರೆ ಒಂದು ಚಿಕ್ಕ ಹಿಡಿ ಒಣ ಹೆಸರುಕಾಳಿನಲ್ಲಿ ಏಳು ಗ್ರಾಂನಷ್ಟು ಪ್ರೋಟೀನ್ ಇರುತ್ತದೆ. ಅದು ಬೆಂದಾಗ ನೀರು ಕುಡಿದು ಎರಡೂವರೆ ಪಟ್ಟು ತೂಗುತ್ತದೆ, ಮಗುವಿನ ಬಟ್ಟಲು ತುಂಬುತ್ತದೆ. ಸರಿಸುಮಾರು ಅಷ್ಟೇ ಶಕ್ತಿ ಕೊಡುವ ಐದಾರು ಬಿಸ್ಕತ್ತಿನಲ್ಲಿ ಪ್ರೋಟೀನ್ ಎರಡು ಗ್ರಾಂ ಕೂಡ ಸಿಗುವುದಿಲ್ಲ.

ಮೊಳಕೆ ಬರಿಸಿದರೆ ಕಾಳಿನೊಳಗೆ ಇನ್ನೊಂದು ಕೆಲಸ ನಡೆಯುತ್ತದೆ. ರಾತ್ರಿ ನೆನೆಹಾಕಿದ ಹೆಸರುಕಾಳು ಬೆಳಿಗ್ಗೆ ಸಿಪ್ಪೆ ಬಿಗಿಯುವಷ್ಟು ಉಬ್ಬಿರುತ್ತದೆ. ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಪಾತ್ರೆಯಲ್ಲಿಟ್ಟು ಮುಚ್ಚಿದರೆ ಬೇಸಿಗೆಯಲ್ಲಿ ಅಂದೇ ರಾತ್ರಿ ಬಿಳಿ ಮೂತಿ ಇಣುಕುತ್ತದೆ, ಚಳಿಗಾಲದಲ್ಲಿ ಇನ್ನೊಂದು ದಿನ ಕಾಯಬೇಕು. ಗಂಟು ಬಿಚ್ಚಿ ಕೈಯಿಟ್ಟರೆ ಬೆಚ್ಚಗಿರುತ್ತದೆ, ಕಾಳು ಉಸಿರಾಡುತ್ತಿದೆ ಎಂಬುದರ ಗುರುತು ಅದು. ಎಳೆ ಸಸಿಗೆ ಆಹಾರ ಒದಗಿಸಲೆಂದು ಕಾಳು ತನ್ನ ಉಗ್ರಾಣವನ್ನು ತಾನೇ ಒಡೆಯುವ ಹೊತ್ತಿದು. ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸುತ್ತದೆ. ಫೈಟೇಸ್ ಎಂಬ ಇನ್ನೊಂದು ಕಿಣ್ವ ಫೈಟೇಟನ್ನು ಒಡೆದು, ಅದರ ಹಿಡಿತದಲ್ಲಿದ್ದ ಕಬ್ಬಿಣ, ಸತುಗಳನ್ನು ಬಿಡಿಸುತ್ತದೆ. ಒಣ ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಸಿ ಜೀವಸತ್ವ ಹೊಸದಾಗಿ ಹುಟ್ಟುತ್ತದೆ. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ರ‍್ಯಾಫಿನೋಸ್ ಗುಂಪಿನ ಸಕ್ಕರೆಗಳು ಇಳಿಯುತ್ತವೆ. ಕಡಲೆಕಾಳು ತಿಂದರೆ ಹೊಟ್ಟೆನೋವು ಎನ್ನುವ ಮಗುವಿಗೆ ಮೊಳಕೆ ಹೆಸರುಕಾಳು ಒಗ್ಗುವುದಕ್ಕೆ ಇದೂ ಒಂದು ಕಾರಣ.

ಮೊಳಕೆಕಾಳನ್ನು ಹಸಿಯಾಗಿ ಕೊಡುವುದಕ್ಕಿಂತ ಹಬೆಯಲ್ಲಿ ಬೇಯಿಸಿ ಕೊಡುವುದು ಲೇಸು. ಮೊಳಕೆಗೆ ಬೇಕಾದ ಬೆಚ್ಚನೆಯ ತೇವವೇ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಕ್ಕೂ ಇಷ್ಟ. ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ, ಮೇಲೆ ಕಾಯಿತುರಿ. ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಬೇಕು, ಬಾಣಲೆ ಒಲೆಯ ಮೇಲಿರುವಾಗ ಹಿಂಡಿದರೆ ಸಿ ಜೀವಸತ್ವ ಬಿಸಿಗೆ ಹಾಳಾಗುತ್ತದೆ. ಕಾಳಿನಲ್ಲಿರುವ ಬಗೆಯ ಕಬ್ಬಿಣ ಕರುಳಿಗೆ ಸುಲಭವಾಗಿ ದಕ್ಕುವುದಿಲ್ಲ, ನಿಂಬೆಯ ಸಿ ಜೀವಸತ್ವ ಅದನ್ನು ದಕ್ಕುವಂತೆ ಮಾಡುತ್ತದೆ. ರಕ್ತಹೀನತೆ ಮನೆಮನೆಯ ಮಾತಾಗಿರುವ ನಾಡಿನಲ್ಲಿ ಈ ಅರ್ಧ ನಿಂಬೆಹಣ್ಣು ರುಚಿಗೆ ಮಾತ್ರ ಸೇರಿದ್ದಲ್ಲ. ತಿಂಡಿಯ ಜೊತೆಗೇ ಮಕ್ಕಳಿಗೆ ಚಹಾ ಕೊಡುವ ರೂಢಿ ಇದಕ್ಕೆ ತದ್ವಿರುದ್ಧ. ಚಹಾದ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ.

ಅವರೆಕಾಯಿಯ ಕಾಲದಲ್ಲಿ ಸೊಗಡಿನ ಕಾಳು, ಉತ್ತರ ಕರ್ನಾಟಕದ ಚಳಿಗಾಲದಲ್ಲಿ ಹೊಲದ ಹಸಿ ಕಡಲೆ, ಬೆಂಕಿಯಲ್ಲಿ ಸುಟ್ಟು ಉಜ್ಜಿ ತೆಗೆದ ಜೋಳದ ಸೀತನಿ ಇವೆಲ್ಲ ಇದೇ ಪಂಗಡದವು. ನೀರು ಆರದ ಎಳೆಕಾಳು ಅಗಿಯಲು ಮೆತ್ತಗೆ, ಹೊಟ್ಟೆಗೆ ಹಗುರ.

ಮಂಡಕ್ಕಿಯ ಕತೆ ಬೇರೆ. ಹಳೆ ಮೈಸೂರಿನ ಪುರಿ, ಉತ್ತರದ ಚುರುಮುರಿ ಎಲ್ಲ ಅದೇ. ಮಗುವಿನ ಬೋಗುಣಿ ತುಂಬ ಹಾಕಿದರೂ ತೂಕ ಹದಿನೈದು ಗ್ರಾಂ ದಾಟುವುದಿಲ್ಲ. ಅದರಲ್ಲಿ ಐವತ್ತು ಕ್ಯಾಲೊರಿ, ಒಂದು ಗ್ರಾಂನ ಆಸುಪಾಸು ಪ್ರೋಟೀನ್. ಉಳಿದದ್ದೆಲ್ಲ ಗಾಳಿ. ಉಬ್ಬಿದ ಅಕ್ಕಿಯ ಪಿಷ್ಟ ಜೊಲ್ಲು ತಾಗಿದ ಕೂಡಲೇ ಕರಗುತ್ತದೆ, ಬೇಗ ಸಕ್ಕರೆಯಾಗಿ ರಕ್ತ ಸೇರುತ್ತದೆ. ಹಾಗೆಂದು ಮಂಡಕ್ಕಿಯನ್ನು ಬಿಡಬೇಕಾಗಿಲ್ಲ. ಅದಕ್ಕೆ ಒಂದು ಹಿಡಿ ಹುರಿದ ಶೇಂಗಾ, ಒಂದು ಹಿಡಿ ಹುರಿಗಡಲೆ, ಹೆಚ್ಚಿದ ಸೌತೆಕಾಯಿ, ಕ್ಯಾರೆಟ್, ಈರುಳ್ಳಿ, ಟೊಮೆಟೊ ಬೆರೆಸಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ದಾವಣಗೆರೆಯ ಖಾರ ಮಂಡಕ್ಕಿಯಲ್ಲಿ ಮೆಣಸಿನಕಾಯಿ ತಗ್ಗಿಸಿ ಹುರಿಗಡಲೆ ಹೆಚ್ಚಿಸಿದರೆ ಮಕ್ಕಳ ತಿಂಡಿಯೇ ಆಯಿತು. ಅವಲಕ್ಕಿಗೂ ಇದೇ ಮಾತು. ಮೊಸರವಲಕ್ಕಿಯಾದರೆ ಮೊಸರಿನ ಪ್ರೋಟೀನು, ನೀರು ಎರಡೂ ಒಟ್ಟಿಗೆ ಸಿಗುತ್ತವೆ. ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಬೇಳೆಕಾಳಿನಲ್ಲಿ ಮೆಥಿಯೊನಿನ್ ಕಡಿಮೆ. ಎರಡನ್ನೂ ಕೂಡಿಸಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ರಾಗಿ ಹುರಿಹಿಟ್ಟು ಈ ಅಧ್ಯಾಯದಲ್ಲಿ ಸ್ವಲ್ಪ ಹೆಚ್ಚು ಜಾಗ ಬೇಡುತ್ತದೆ. ಇಂದು ಅದು ಮರೆತುಹೋಗುತ್ತಿದೆ, ಅದೇ ಹೊತ್ತಿಗೆ ಅಂಗಡಿಯಲ್ಲಿ ಹಲವು ಪಟ್ಟು ಬೆಲೆಯ ಹೆಲ್ತ್ ಡ್ರಿಂಕ್ ಪುಡಿಗಳು ಮಾರಾಟವಾಗುತ್ತಿವೆ ಎಂಬುದು ಬೇಸರದ ಸಂಗತಿ. ರಾಗಿಗೆ ನೀರನ್ನೋ ಮಜ್ಜಿಗೆಯನ್ನೋ ಚಿಮುಕಿಸಿ ಕಲಸಿ, ಕೆಲವು ಗಂಟೆ ಮುಚ್ಚಿಡುತ್ತಾರೆ. ತೇವ ಕಾಳಿನ ಒಳಕ್ಕೆ ಇಳಿಯಬೇಕು. ನಂತರ ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ ಬಟ್ಟೆಯ ಉಂಡೆಯಿಂದ ಬೇಗಬೇಗ ಆಡಿಸಿದರೆ ಚಟಪಟ ಸಿಡಿದು ಕಂದು ಕಾಳು ಬಿಳಿಯ ಪುಟ್ಟ ಅರಳಾಗುತ್ತದೆ. ಒಳಗಿನ ನೀರು ಥಟ್ಟನೆ ಹಬೆಯಾಗಿ ಸಿಪ್ಪೆ ಒಡೆಯುವುದೇ ಈ ಸಿಡಿತ. ಆ ಬಿಸಿಯಲ್ಲಿ ಪಿಷ್ಟ ಬೆಂದಿರುತ್ತದೆ. ಅದಕ್ಕೇ ಬೀಸಿದ ಹುರಿಹಿಟ್ಟನ್ನು ಮತ್ತೆ ಒಲೆಗೆ ಇಡಬೇಕಾಗಿಲ್ಲ, ಹಾಲು ಹೊಯ್ದು ಕಲಸಿದರೆ ಸಾಕು. ಕೆಲಸಕ್ಕೆ ಹೋಗುವ ತಂದೆತಾಯಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಹತ್ತು ವರ್ಷದ ಮಗು ತಾನೇ ಮಾಡಿಕೊಂಡು ತಿನ್ನಬಹುದಾದ, ಬೆಂಕಿಯ ಹಂಗಿಲ್ಲದ ತಿಂಡಿ ಇದು.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿಗಳಲ್ಲಿ ಇದರ ಹತ್ತಿರಕ್ಕೂ ಬಾರದಷ್ಟು. ಮೂವತ್ತು ಗ್ರಾಂ ಹುರಿಹಿಟ್ಟನ್ನು ಒಂದು ಲೋಟಕ್ಕೆ ತುಸು ಕಡಿಮೆ ಹಾಲಿನಲ್ಲಿ ಕಲಸಿದರೆ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಬೇಕಾದ 650 ಮಿಲಿಗ್ರಾಂನಲ್ಲಿ ಐದರಲ್ಲಿ ಎರಡು ಪಾಲು ಬಟ್ಟಲಿನಲ್ಲಿರುತ್ತದೆ. ರಾಗಿಯಲ್ಲಿ ಫೈಟೇಟ್, ಆಕ್ಸಲೇಟ್‌ಗಳೂ ಇರುವುದರಿಂದ ಪೂರ್ತಿ ದಕ್ಕುವುದಿಲ್ಲ, ಹಾಲಿನದು ಹೆಚ್ಚು ಸುಲಭವಾಗಿ ದಕ್ಕುತ್ತದೆ. ಇದರ ಜೊತೆಗೆ ಬಾಳೆಹಣ್ಣು ಕಿವುಚಿದರೆ ಬೆಲ್ಲ ಬೇಕಾಗುವುದೇ ಇಲ್ಲ. ಖಾರ ಇಷ್ಟಪಡುವವರಿಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ. ಕರ್ನಾಟಕದ ಶಾಲೆಗಳಲ್ಲಿ 2013ರಲ್ಲಿ ಕ್ಷೀರಭಾಗ್ಯ ಯೋಜನೆಯಡಿ ಹಾಲು ಕೊಡಲು ಶುರುವಾಗಿ, 2024ರಿಂದ ವಾರದ ಕೆಲವು ದಿನ ಅದರಲ್ಲಿ ರಾಗಿ ಮಾಲ್ಟ್ ಬೆರೆಸಲಾಗುತ್ತಿದೆ. ಶಾಲೆಯಲ್ಲಿ ಕುಡಿದು ರುಚಿ ಹತ್ತಿದ ಮಗುವಿಗೆ ಮನೆಯ ಹುರಿಹಿಟ್ಟು ಅಪರಿಚಿತವಾಗಲಾರದು.

ಬೆಲ್ಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಲ್ಲವೂ ಸಕ್ಕರೆಯೇ. ಅದರಲ್ಲಿ ಒಂದಿಷ್ಟು ಖನಿಜ ಉಳಿದಿರುತ್ತದೆ, ಆದರೆ ಮಗುವಿಗೆ ಕೊಡುವ ಒಂದೆರಡು ಚಮಚದಲ್ಲಿ ಅದು ಲೆಕ್ಕಕ್ಕೆ ಬರುವಷ್ಟಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ಆಹಾರಕ್ಕೆ ಸೇರಿಸಿದ ಸಕ್ಕರೆಯೆಲ್ಲ ಕೂಡಿ ದಿನದ ಶಕ್ತಿಯ ಶೇ. 10 ಮೀರಬಾರದು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದಿತು. 1,700 ಕ್ಯಾಲೊರಿ ಉಣ್ಣುವ ಮಗುವಿಗೆ ಶೇ. 5 ಅಂದರೆ ನಾಲ್ಕೈದು ಚಹಾ ಚಮಚ. ತಂಬಿಟ್ಟು, ಚಿಕ್ಕಿ, ಎಳ್ಳುಂಡೆಗಳನ್ನು ಈ ಮಿತಿಯೊಳಗೆ ಇಟ್ಟುಕೊಂಡರೆ ಅವೂ ಒಳ್ಳೆಯ ತಿಂಡಿಗಳೇ.

ಶೇಂಗಾದ ವಿಷಯದಲ್ಲಿ ಹೋಲ್ಟ್ ಅವರ ಪಟ್ಟಿ ಅಚ್ಚರಿ ಹುಟ್ಟಿಸುತ್ತದೆ. ನೂರು ಗ್ರಾಂನಲ್ಲಿ 25 ಗ್ರಾಂ ಪ್ರೋಟೀನ್ ಇದ್ದರೂ ಅದಕ್ಕೆ ಸಿಕ್ಕಿದ್ದು 84 ಅಂಕ. ಅರ್ಧದಷ್ಟು ತೂಕ ಎಣ್ಣೆಯೇ ಆದ್ದರಿಂದ 240 ಕ್ಯಾಲೊರಿಗೆ ಬರುವ ಕಾಳು ಒಂದು ಹಿಡಿಯಷ್ಟೇ, ಹೊಟ್ಟೆ ಹಿಗ್ಗುವುದಿಲ್ಲ. ಅದೇ ಕಡ್ಲೆಕಾಯಿಯನ್ನು ಸಿಪ್ಪೆಸಮೇತ ಉಪ್ಪುನೀರಿನಲ್ಲಿ ಬೇಯಿಸಿದಾಗ ಕಾಳಿನ ತೂಕದಲ್ಲಿ ಐದನೇ ಎರಡು ಪಾಲು ನೀರಾಗುತ್ತದೆ, ಶಕ್ತಿಯ ಸಾಂದ್ರತೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಜೊತೆಗೆ ಮಗು ಒಂದೊಂದನ್ನೇ ಸುಲಿದು ತಿನ್ನಬೇಕು. ಕಾರ್ತಿಕ ಮಾಸದಲ್ಲಿ ಬೆಂಗಳೂರಿನ ಬಸವನಗುಡಿಯ ಪರಿಷೆಯಲ್ಲಿ ರಾಶಿ ಬೀಳುವ ಹಸಿ ಕಡ್ಲೆಕಾಯಿಯನ್ನು ಮನೆಗೆ ತಂದು ಬೇಯಿಸಿದರೆ ಅರ್ಧ ಗಂಟೆ ಕೂತು ತಿನ್ನುವ ತಿಂಡಿಯಾಯಿತು. ಹುರಿದ ಶೇಂಗಾವನ್ನು ಒಬ್ಬಂಟಿಯಾಗಿ ಕೊಡುವ ಬದಲು ಇನ್ನೊಂದರ ಜೊತೆ ಕೊಡುವುದು ಸರಿ. ಜೋಳದ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಮತ್ತು ಮೊಸರು ಹಚ್ಚಿ ಸುರುಳಿ ಸುತ್ತಿ ಮಗುವಿನ ಕೈಗೆ ಕೊಡುವ ಉತ್ತರ ಕರ್ನಾಟಕದ ಪದ್ಧತಿಯಲ್ಲಿ ಧಾನ್ಯ, ಕಾಳು, ಹಾಲಿನ ಅಂಶ ಮೂರೂ ಒಂದಾಗಿವೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ 1950ರ ದಶಕದಲ್ಲಿ ಪೌಷ್ಟಿಕತೆಯ ಕೊರತೆ ತುಂಬಲು ರೂಪಿಸಿದ ಬಹೂಪಯೋಗಿ ಆಹಾರಕ್ಕೂ ಮುಖ್ಯ ಸಾಮಗ್ರಿ ಎಣ್ಣೆ ತೆಗೆದ ಶೇಂಗಾ ಹಿಟ್ಟು ಮತ್ತು ಕಡಲೆಹಿಟ್ಟು, ಮೂರಕ್ಕೆ ಒಂದರ ಪ್ರಮಾಣದಲ್ಲಿ.

ಇನ್ನು ಗೆಣಸು, ಆಲೂಗಡ್ಡೆ. ಬೇಯಿಸಿ ಆರಿಸಿದ ಗಡ್ಡೆಯಲ್ಲಿ ಪಿಷ್ಟದ ಒಂದು ಪಾಲು ಮತ್ತೆ ಬಿಗಿಯಾಗಿ ಹೆಣೆದುಕೊಂಡು ನಾರಿನಂತೆ ವರ್ತಿಸುತ್ತದೆ. ಬೆಳಿಗ್ಗೆ ಬೇಯಿಸಿಟ್ಟ ಗೆಣಸನ್ನು ಸಂಜೆ ಸಿಪ್ಪೆ ಸುಲಿದು ಕೊಟ್ಟರೆ ಬೇರೇನೂ ಬೇಡ. ಬೇಯಿಸಿದ ಮೊಟ್ಟೆಯೊಂದರಲ್ಲಿ ಆರು ಗ್ರಾಂ ಪ್ರೋಟೀನ್, ಎಪ್ಪತ್ತು ಚಿಲ್ಲರೆ ಕ್ಯಾಲೊರಿ. ಅದರ ಪಕ್ಕದಲ್ಲೊಂದು ಬಾಳೆಹಣ್ಣಿಟ್ಟರೆ ಸಂಜೆಯ ಲೆಕ್ಕ ಮುಗಿಯುತ್ತದೆ. ಬೆಳಗಿನ ದೋಸೆ ಹಿಟ್ಟು ಉಳಿದಿದ್ದರೆ ಪಡ್ಡು ಮಾಡುವಾಗ ತುರಿದ ಕ್ಯಾರೆಟ್, ಸಬ್ಬಸಿಗೆ ಸೊಪ್ಪು ಸೇರಿಸಬಹುದು. ಬಜ್ಜಿ, ಬೋಂಡಾ ಮಳೆಯ ಸಂಜೆಗೆ ಸರಿ, ದಿನವೂ ಬೇಡ.

ಬಡಿಸುವ ಪ್ರಮಾಣವೂ ತಿನ್ನುವುದನ್ನು ನಿರ್ಧರಿಸುತ್ತದೆ. ಅಮೆರಿಕದ ಬಾರ್ಬರಾ ರೋಲ್ಸ್, ಲಿಯಾನ್ ಬರ್ಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವರ್ಷದ ಮಕ್ಕಳು ತಟ್ಟೆಯಲ್ಲಿ ಎಷ್ಟೇ ಬಡಿಸಿದರೂ ತಮಗೆ ಬೇಕಾದಷ್ಟನ್ನೇ ತಿಂದರು. ಐದು ವರ್ಷದವರು ಹೆಚ್ಚು ಬಡಿಸಿದಾಗ ಹೆಚ್ಚು ತಿಂದರು. ಹುಟ್ಟಿನಿಂದ ಬಂದ ಹಸಿವಿನ ಅಳತೆಗೋಲು ಎರಡೇ ವರ್ಷದಲ್ಲಿ ಹೊರಗಿನ ಒತ್ತಾಯಕ್ಕೆ ಬಾಗುತ್ತದೆ. ಇನ್ನೊಂದು ತುತ್ತು ತಿಂದರೆ ಚಾಕೊಲೇಟ್ ಕೊಡುತ್ತೇನೆ ಎನ್ನುವುದು ಆ ಅಳತೆಗೋಲನ್ನು ಬೇಗ ಕೆಡಿಸುವ ಮಾತು. ತಿಂಡಿ ಯಾವುದು, ಯಾವಾಗ ಎಂಬುದನ್ನು ದೊಡ್ಡವರು ತೀರ್ಮಾನಿಸಿ, ಎಷ್ಟು ಎಂಬುದನ್ನು ಮಗುವಿಗೆ ಬಿಡುವುದು ಒಳ್ಳೆಯದು. ಹೊಸ ರುಚಿ ಮೊದಲ ದಿನವೇ ಹಿಡಿಸಲಾರದು. ಎಂಟು ಹತ್ತು ಸಲ ಚಿಕ್ಕ ಪ್ರಮಾಣದಲ್ಲಿ, ಬಲವಂತವಿಲ್ಲದೆ ಮುಂದಿಟ್ಟಾಗ ಹೆಚ್ಚಿನ ಮಕ್ಕಳು ಒಪ್ಪಿಕೊಳ್ಳುತ್ತಾರೆ. ತಿಂಡಿಗೂ ರಾತ್ರಿ ಊಟಕ್ಕೂ ನಡುವೆ ಎರಡು ಗಂಟೆಯಾದರೂ ಅಂತರವಿರಲಿ.

ಕೆಲವು ಎಚ್ಚರಿಕೆಗಳು ಪ್ರಾಣಕ್ಕೆ ಸಂಬಂಧಿಸಿದವು. ನಾಲ್ಕೈದು ವರ್ಷ ತುಂಬದ ಮಕ್ಕಳಿಗೆ ಇಡೀ ಶೇಂಗಾ, ಹುರಿಗಡಲೆ, ಗಟ್ಟಿ ಕಡಲೆಕಾಳು ಕೊಡಬಾರದು. ಅರೆಯುವ ಹಲ್ಲು ಪೂರ್ತಿ ಬಂದಿರುವುದಿಲ್ಲ, ನಗುವಾಗಲೋ ಓಡುವಾಗಲೋ ಕಾಳು ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಪುಡಿಮಾಡಿ ಹಿಟ್ಟಿನಲ್ಲೋ ಮೊಸರಿನಲ್ಲೋ ಬೆರೆಸಿ ಕೊಡಬೇಕು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಬೇಕು. ಯಾವ ವಯಸ್ಸಿನ ಮಗುವೂ ಕೂತು ತಿನ್ನಬೇಕು. ಶೇಂಗಾ ತಿಂದ ಮೇಲೆ ತುಟಿ ಊದಿದರೆ, ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದರೆ ಅದು ಅಲರ್ಜಿ. ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು.

ಕೂಡಿಡುವಾಗಲೂ ಜಾಗ್ರತೆ ಬೇಕು. ತೇವದಲ್ಲಿಟ್ಟ ಶೇಂಗಾದ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಪಿತ್ತಜನಕಾಂಗಕ್ಕೆ ಹಾನಿ ಮಾಡುತ್ತದೆ, ಮನೆಯಲ್ಲಿ ಹುರಿದರೂ ಬೇಯಿಸಿದರೂ ಪೂರ್ತಿ ನಾಶವಾಗುವುದಿಲ್ಲ. ಸುಕ್ಕಿದ, ಬಣ್ಣಗೆಟ್ಟ, ಕಹಿ ಹತ್ತಿದ ಕಾಳನ್ನು ಹುರಿಯುವ ಮೊದಲೇ ಮೊರದಲ್ಲಿ ಆರಿಸಿ ಎಸೆಯಬೇಕು. ಹುರಿಹಿಟ್ಟನ್ನು ಹದಿನೈದು ದಿನಕ್ಕಾಗುವಷ್ಟು ಮಾತ್ರ ಬೀಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಣ ಚಮಚ ಹಾಕಿ ಬಳಸಿದರೆ ಕೊನೆಯ ದಿನದವರೆಗೂ ಅದರ ಘಮ ಉಳಿಯುತ್ತದೆ.